ಒಂದು ಟಿ.ಸಿ., ನಾಲ್ಕು ಶೇಂಗಾ

ಮೊನ್ನೆ ಬ್ಯಾಂಕಿನವರು ನನ್ನ ಹೆಸರಿನ ಇನಿಷಿಯಲ್‌ಗೆ ದಾಖಲೆ ಕೇಳಿದರು. ಹುಟ್ಟಿದಾಗಿನಿಂದ ನನ್ನ ಜೊತೆಗೇ ಇರುವ ಅಕ್ಷರವೊಂದು ನನ್ನದೇ ಎಂದು ತೋರಿಸಬೇಕಾಗಿ ಬಂದದ್ದರಿಂದ ಹಳೆಯ ಹಸಿರು ಪ್ಲಾಸ್ಟಿಕ್ ಫೈಲು ಹುಡುಕಿ ತೆಗೆದೆ. ಅದರ ಗುಂಡಿ ಹಾಕಿದರೆ ತೆಗೆಯಲು ಬರುವುದಿಲ್ಲ, ತೆಗೆದರೆ ಹಾಕಲು ಬರುವುದಿಲ್ಲ. ಒಳಗೆ ಅಂಕಪಟ್ಟಿಗಳಿದ್ದವು, ಪೊಲೀಸರು ಹುಡುಕುತ್ತಿರುವವಳಂತೆ ಕಾಣುವ ನನ್ನವೇ ಎರಡು ಫೋಟೋಗಳಿದ್ದವು, ಟಿ.ಸಿ.ಯ ಒಂದು ಜೆರಾಕ್ಸ್ ಇತ್ತು. ತಳದ ಮೂಲೆಯಲ್ಲಿ ಸಿಪ್ಪೆ ಸಮೇತ ನಾಲ್ಕು ಶೇಂಗಾ ಇದ್ದವು. ಬ್ಯಾಂಕಿನ ಕೆಲಸ ಅವತ್ತು ಅಲ್ಲಿಗೇ ನಿಂತಿತು.

ಮೊದಲು ಟಿ.ಸಿ. ವಿಷಯ ಹೇಳುತ್ತೇನೆ. ಅದರಲ್ಲಿ ‘ಕಾಲೇಜು ಬಿಡಲು ಕಾರಣ’ ಎಂಬ ಕಾಲಂ ಇರುತ್ತದೆ, ನಿಮ್ಮದರಲ್ಲೂ ಇರಬೇಕು, ನೋಡಿಕೊಳ್ಳಿ. ನನ್ನದರಲ್ಲಿ ಅಲ್ಲಿ ‘ಮದುವೆ’ ಎಂದು ಬರೆದಿದೆ. ಅದರ ಮೇಲೆ ಅಡ್ಡಗೆರೆ, ಗೆರೆಯ ಮೇಲೆ ‘ಸ್ವಇಚ್ಛೆ’, ಪಕ್ಕದಲ್ಲಿ ಒಂದು ಸಹಿ, ಸಹಿಯ ಮೇಲೆ ದುಂಡನೆಯ ಸೀಲು. ಇಷ್ಟು ನೋಡಿದವರು ನನ್ನ ಬಗ್ಗೆ ಒಂದು ಕಥೆ ಕಟ್ಟಿಕೊಂಡರೆ ಅದು ಅವರ ತಪ್ಪಲ್ಲ.

ನಾನು ಚಳ್ಳಕೆರೆಯಲ್ಲೇ ಬಿ.ಎ. ಮೊದಲ ವರ್ಷ ಮುಗಿಸಿದ್ದೆ. ಇತಿಹಾಸ ಮತ್ತು ಅರ್ಥಶಾಸ್ತ್ರ. ಆ ಕಾಲೇಜನ್ನು ಆರಿಸಿದವಳು ಅವ್ವ. ಮಧ್ಯಾಹ್ನ ಮನೆಗೆ ಬಂದು ಬಿಸಿ ಮುದ್ದೆ ಉಂಡು ಹೋಗುವಷ್ಟು ಹತ್ತಿರವಿದೆ ಎಂಬುದು ಅವಳು ಆ ಕಾಲೇಜಿನಲ್ಲಿ ಕಂಡ ಗುಣ. ನನಗೆ ಬೇಕಿದ್ದದ್ದು ಪತ್ರಿಕೋದ್ಯಮ, ಅಲ್ಲಿ ಅದು ಇರಲಿಲ್ಲ. ಇತಿಹಾಸ ಉಳಿಸಿಕೊಂಡು, ಅರ್ಥಶಾಸ್ತ್ರ ಬಿಟ್ಟು, ಪತ್ರಿಕೋದ್ಯಮದ ಮೊದಲ ವರ್ಷದ ಪೇಪರುಗಳನ್ನು ಜೊತೆಗೆ ಬರೆದುಕೊಂಡರೆ ಬೇರೆ ಊರಿನ ಕಾಲೇಜಿನವರು ಎರಡನೇ ವರ್ಷಕ್ಕೆ ಸೇರಿಸಿಕೊಳ್ಳಬಹುದು ಎಂದು ಯಾರೋ ಹೇಳಿದರು. ‘ಸೇರಿಸಿಕೊಳ್ಳುತ್ತಾರೆ’ ಎಂದು ಅವರು ಹೇಳಿರಲಿಲ್ಲ. ನಾನು ಮಾತ್ರ ಹಾಗೇ ಕೇಳಿಸಿಕೊಂಡೆ.

ಮೊದಲು ಸೀಟು ಗಟ್ಟಿ ಮಾಡಿಕೊಂಡು ಆಮೇಲೆ ಟಿ.ಸಿ. ತಗೊಳ್ಳಬೇಕು ಎಂಬುದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ. ಆದರೆ ನಾನು ಬಸ್ಸಿನಲ್ಲಿ ಬೆಳೆದವಳು. ಅಜ್ಜಿಯ ಊರು ಮೊಳಕಾಲ್ಮುರಿಗೆ ನೇರ ಬಸ್ ಸಿಗದ ದಿನ ಹಾನಗಲ್ ಕ್ರಾಸಿನಲ್ಲಿ ಒಂದು ಬಸ್ ಇಳಿದು ಇನ್ನೊಂದಕ್ಕೆ ಕಾಯುವುದು ನಮಗೆ ರೂಢಿ. ಇಳಿಯದೆ ಹತ್ತುವುದು ಹೇಗೆ ಎಂಬ ಲೆಕ್ಕದಲ್ಲಿ ನಾನು ಮೊದಲು ಇಳಿದೆ. ಇಳಿದ ಮೇಲೆ ತಿಳಿಯಿತು, ನಾನು ಈಗ ಯಾವ ಕಾಲೇಜಿನ ವಿದ್ಯಾರ್ಥಿನಿಯೂ ಅಲ್ಲ ಎಂದು.

ಟಿ.ಸಿ. ಬರೆದ ಗುಮಾಸ್ತರು ಒಳ್ಳೆಯ ಮನುಷ್ಯ. ಓದಿನ ಮಧ್ಯದಲ್ಲಿ ಬಂದು ಟಿ.ಸಿ. ಕೇಳುವ ಹುಡುಗಿಯರಿಗೆಲ್ಲ ಒಂದೇ ಕಾರಣ ಬರೆದು ಬರೆದು ಅವರ ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ನಾನು ಬಾಯಿ ತೆಗೆಯುವ ಮೊದಲೇ ‘ಮದುವೆ’ ಎಂದು ಬರೆದು ಮುಗಿಸಿ, ಹುಡುಗನದು ಯಾವೂರಮ್ಮ ಎಂದು ಕೇಳಿದರು. ಹುಡುಗ ಇಲ್ಲ ಎಂದೆ. ಅವರಿಗೆ ನಿಜವಾಗಿಯೂ ಬೇಜಾರಾಯಿತು. ಹೊಸ ಹಾಳೆ ಕೊಟ್ಟರೆ ಪುಸ್ತಕದ ನಂಬರು ಕೆಡುತ್ತದೆ ಎಂದು ಗೆರೆ ಎಳೆದು, ಮೇಲೆ ಬರೆದು, ಸೀಲು ಒತ್ತಿ, ಇನ್ನೇನೂ ತೊಂದರೆಯಿಲ್ಲ ಎಂದು ಸಮಾಧಾನ ಹೇಳಿ ಕಳಿಸಿದರು.

ಮನೆಯಲ್ಲಿ ನೋಡಿದರೆ ಗುಮಾಸ್ತರು ಬರೆದದ್ದೇ ನಿಜವಾಗುವ ಲಕ್ಷಣವಿತ್ತು. ಹೊಸದುರ್ಗದ ಕಡೆಯ ಒಂದು ಸಂಬಂಧ ಬಾಗಿಲವರೆಗೆ ಬಂದಿತ್ತು. ಹುಡುಗ ಇಂಜಿನಿಯರನ್ನು ಹೋಲುವ ಏನೋ ಒಂದು. ಸೇರ್ಪಡೆಗೆ ಶನಿವಾರ ಕಡೇ ದಿನ, ಅವತ್ತು ಬುಧವಾರ. ಅವ್ವ ಟಿ.ಸಿ.ಯನ್ನು ದೇವರ ಗೂಡಿನಲ್ಲಿಟ್ಟು ತೀರ್ಪು ಕೊಟ್ಟಳು.

“ಶನಿವಾರದೊಳ್ಗೆ ಸೀಟು ಸಿಕ್ರೆ ಓದು. ಸಿಗ್ಲಿಲ್ಲಾಂದ್ರೆ ಭಾನುವಾರ ಅವ್ರು ಬರ್ತಾರೆ. ವರ್ಸ ಪೂರ್ತಿ ಮನ್ಯಾಗೆ ಕೂತು ಏನ್ ಮಾಡ್ತೀಯ?”

ನಗು ಬರುವ ಹಾಗೆ ಹೇಳುತ್ತಿದ್ದೇನೆ, ಆದರೆ ಅವತ್ತು ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅತ್ತಿದ್ದೆ. ನೀರು ದಂಡ ಮಾಡುತ್ತೀಯ ಎಂದು ಅದಕ್ಕೂ ಬೈಗುಳ ಬಿತ್ತು.

ಪತ್ರಿಕೆಯ ಹುಚ್ಚು ನನಗೆ ಹತ್ತಿದ್ದು ಮೊಳಕಾಲ್ಮುರಿನಲ್ಲಿ. ಅಜ್ಜಿಯ ಮನೆಯವರದು ರೇಷ್ಮೆ ಸೀರೆ ವ್ಯಾಪಾರ. ಮಗ್ಗದಿಂದ ಬಂದ ಸೀರೆಯ ಮಡಿಕೆಗಳ ನಡುವೆ ಹಳೆಯ ಪೇಪರ್ ಇಡುವುದು ಅಲ್ಲಿಯ ಪದ್ಧತಿ. ಬೇಸಿಗೆ ರಜೆಯಲ್ಲಿ ಆ ಪೇಪರನ್ನು ಅಳತೆಗೆ ಕತ್ತರಿಸುವ ಕೆಲಸ ನನ್ನದು. ಕತ್ತರಿಸುವಾಗ ಓದುತ್ತಿದ್ದೆ. ಸೀರೆಯ ಅಳತೆಗೂ ಸುದ್ದಿಯ ಅಳತೆಗೂ ಹೊಂದಾಣಿಕೆ ಇಲ್ಲವಾದ್ದರಿಂದ ಯಾವ ಸುದ್ದಿಯೂ ಪೂರ್ತಿ ಸಿಗುತ್ತಿರಲಿಲ್ಲ. ದೇವಸಮುದ್ರದ ಹತ್ತಿರ ಕುರಿ ಕದ್ದವನು ಓಡಿಹೋಗುವವರೆಗೆ ಇರುತ್ತಿತ್ತು, ಸಿಕ್ಕನೋ ಇಲ್ಲವೋ ಎಂಬುದು ಯಾವುದೋ ಮದುಮಗಳ ಪೆಟ್ಟಿಗೆಗೆ ಹೋಗಿರುತ್ತಿತ್ತು. ಉಳಿದರ್ಧ ನಾನೇ ಬರೆಯಬೇಕು ಎಂಬ ಆಸೆ ಹುಟ್ಟಿದ್ದು ಹಾಗೆ. ಇದನ್ನು ಯಾವ ಸಂದರ್ಶನದಲ್ಲೂ ಹೇಳಿಲ್ಲ, ಯಾರೂ ನಂಬುವುದಿಲ್ಲ.

ಅಪ್ಪ ನನ್ನ ಜೊತೆ ಕಾಲೇಜು ನೋಡಲು ಹೊರಟರು. ಪತ್ರಿಕೋದ್ಯಮದ ಮೇಲಿನ ಅಭಿಮಾನದಿಂದಲ್ಲ. ಸರಕು ನೋಡದೆ ಯಾರೂ ಕೊಳ್ಳಬಾರದು ಎಂಬುದು ಅವರ ನಿಯಮ.

ಅಪ್ಪ ಶೇಂಗಾ ವ್ಯಾಪಾರಿ. ರೈತರು ಮಂಡಿಗೆ ತಂದ ಚೀಲ ನೋಡಿ ಎಣ್ಣೆ ಮಿಲ್ಲಿಗೆ ಖರೀದಿ ಮಾಡುವುದು ಅವರ ಕೆಲಸ. ನೋಡುವುದು ಎಂದರೆ ಕಣ್ಣಿನಿಂದಲ್ಲ. ಚೀಲದ ಬಾಯಿಯಲ್ಲಿರುವ ಕಾಯಿಯನ್ನು ಅವರು ಮುಟ್ಟುವುದೂ ಇಲ್ಲ, ಅದು ತೋರಿಸಲಿಕ್ಕೆ ಇಟ್ಟದ್ದು. ಮೊಣಕೈವರೆಗೆ ಕೈ ಇಳಿಸಿ, ನಡುವಿನ ಕಾಯಿ ಹಿಡಿಯಲ್ಲಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಒಡೆದು, ಬೀಜ ಹಿಸುಕಿ, ಎರಡು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಜೇಬಿಗೆ ಬಿಟ್ಟುಕೊಂಡು ಮುಂದಿನ ಚೀಲಕ್ಕೆ ಹೋಗುತ್ತಾರೆ. ಅವರ ಅಂಗಿಯ ಜೇಬು ಉಬ್ಬಿಲ್ಲದೆ ಇದ್ದದ್ದನ್ನು ನಾನು ಮದುವೆ ಫೋಟೋದಲ್ಲೂ ಕಂಡಿಲ್ಲ. ಅಕ್ಕನಿಗೆ ಗಂಡು ನೋಡಿದ್ದೂ ಇದೇ ಕ್ರಮದಲ್ಲಿ. ಹುಡುಗನ ಮನೆಯವರು ಕರೆದ ದಿನ ಹೋಗದೆ, ಅದಕ್ಕೂ ನಾಲ್ಕು ದಿನ ಮೊದಲು ಹೋಗಿ, ಆ ಊರಿನ ಕ್ಷೌರದಂಗಡಿಯಲ್ಲಿ ಒಂದು ಗಂಟೆ ಕೂತು ಗಡ್ಡ ಹೆರೆಸಿಕೊಂಡು ಬಂದರು. ಭಾವ ಈವರೆಗೆ ಚೆನ್ನಾಗಿಯೇ ಇದ್ದಾರೆ, ಹಾಗಾಗಿ ಪದ್ಧತಿಯನ್ನು ತಪ್ಪು ಎನ್ನುವಂತಿಲ್ಲ.

ಗುರುವಾರ ದಾವಣಗೆರೆಯ ಒಂದು ಕಾಲೇಜಿಗೆ ಹೋದೆವು. ಹೊಳೆಯುವ ಕಾಗದದ ಪುಸ್ತಿಕೆ ಕೊಟ್ಟರು. ಅಪ್ಪ ಅದನ್ನು ಮುಟ್ಟಲಿಲ್ಲ, ನನ್ನತ್ತ ತೋರಿಸಿ ಅವಳ ಕೈಗೆ ಕೊಡಿ ಎಂದರು. ಪ್ರಿನ್ಸಿಪಾಲರು ಟಿ.ಸಿ.ಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ದನಿ ತಗ್ಗಿಸಿ, ಏನು ತೊಂದರೆಯಾಯಿತು ಯಜಮಾನರೇ ಎಂದು ವಿಚಾರಿಸಿದರು. ತೊಂದರೆ ಬರೆದವರದು ಎಂದು ಅಪ್ಪ ಹೇಳಿದರು. ಆಮೇಲೆ ಸ್ಟುಡಿಯೋ ನೋಡಬೇಕು ಎಂದರು. ಬೀಗದ ಕೈ ಅಟೆಂಡರ್ ಹತ್ತಿರ, ಅಟೆಂಡರ್ ಮದುವೆಗೆ ಹೋಗಿದ್ದಾನೆ ಎಂಬ ಉತ್ತರ ಬಂತು. ಕಿಟಕಿಯಿಂದ ನೋಡಿದರೆ ಒಳಗೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಬಟ್ಟೆ ಮುಚ್ಚಿದ ಕ್ಯಾಮೆರಾ ಕಾಣುತ್ತಿತ್ತು. ನನಗೆ ರೋಮಾಂಚನವಾಯಿತು. ಅಪ್ಪ ಸುತ್ತಿಕೊಂಡು ಹೋಗಿ, ಹಿಂದಿನ ಬಾಗಿಲು ತೆರೆದಿರುವುದನ್ನು ಕಂಡು, ಒಳಹೊಕ್ಕು ಬಟ್ಟೆ ಎತ್ತಿದರು. ಅಡಿಯಲ್ಲಿ ಒಂದು ಹೆಲ್ಮೆಟ್ ಇತ್ತು. ಮತ್ತೆ ಹಾಗೇ ಮುಚ್ಚಿ, ಬಾಗಿಲು ಎಳೆದುಕೊಂಡು ಬಂದರು. ನೇರ ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಶುಕ್ರವಾರ ಬಳ್ಳಾರಿ. ಅಲ್ಲಿಯ ವಿಭಾಗದ ಮುಖ್ಯಸ್ಥರು ಸೊಗಸಾಗಿ ಮಾತನಾಡಿದರು. ಪ್ರಜಾಪ್ರಭುತ್ವ, ನಾಲ್ಕನೇ ಸ್ತಂಭ, ಸಮಾಜದ ಕನ್ನಡಿ ಎಲ್ಲವೂ ಬಂದವು. ಅವರು ನೀರು ಕುಡಿಯಲು ನಿಲ್ಲಿಸಿದಾಗ ಅಪ್ಪ ಎದ್ದು ಕ್ಯಾಂಟೀನಿಗೆ ಹೋಗಿ, ಕಡೇ ವರ್ಷದ ಒಬ್ಬ ಹುಡುಗಿಯ ಎದುರು ಕೂತು, ಎರಡು ವರ್ಷದಲ್ಲಿ ಏನೇನು ಬರೆದಿದ್ದೀಯವ್ವ ಎಂದು ಕೇಳಿದರು. ಆ ಹುಡುಗಿ ಪ್ರಾಮಾಣಿಕಳು. ನೋಟ್ಸ್ ಬರೆದಿದ್ದೇವೆ ಎಂದಳು. ಸಾಲದ್ದಕ್ಕೆ ಅದು ಬೇರೆ ವಿಶ್ವವಿದ್ಯಾಲಯ, ಇನ್ನೊಂದು ಸರ್ಟಿಫಿಕೇಟ್ ಬೇಕು, ಅದು ಬರಲು ತಿಂಗಳಾಗುತ್ತದೆ ಎಂದು ಆಫೀಸಿನವರು ಹೇಳಿದರು. ಅಲ್ಲಿನ ಗುಮಾಸ್ತರು ಟಿ.ಸಿ. ನೋಡಿ ಡೈವರ್ಸಾ ಎಂದು ಕೇಳಿದರು. ಒಟ್ಟಾರೆ ಜೊಳ್ಳು ಎಂದು ಅಪ್ಪ ತೀರ್ಮಾನಿಸಿದರು. ಕಾಲೇಜನ್ನೋ ನನ್ನನ್ನೋ ಎಂದು ನಾನು ಕೇಳಲಿಲ್ಲ.

ಬರುವಾಗ ಮೊಳಕಾಲ್ಮುರಿನಲ್ಲಿ ಇಳಿದು ಅಜ್ಜಿಯ ಮನೆಗೆ ಹೋದೆವು. ಅಜ್ಜಿಗೆ ಓದಲು ಬಾರದು. ಟಿ.ಸಿ. ಕೈಗೆ ತಗೊಂಡು, ಸೀರೆಯ ಹಾಗೆ ತಿರುಗಿಸಿ ಮುರುಗಿಸಿ, ಗೆರೆಯ ಮೇಲೆ ಹೆಬ್ಬೆರಳು ಆಡಿಸಿದಳು. ಅಲ್ಲಿ ಏನಿದೆ ಎಂದು ನಾನು ಓದಿ ಹೇಳಿದೆ. ಅವಳ ಮಾತಿನಲ್ಲಿ ಅರ್ಧ ತೆಲುಗು, ಓದಿಗೆ ಚದುವು ಎನ್ನುತ್ತಾಳೆ.

“ಹೊಡ್ದು ಹಾಕಿದ್ರೇನು, ನೂಲು ಕಿತ್ರೂ ಜಾಗ ಕಾಣ್ತೈತೆ. ಯಾ ಚದುವಾದ್ರೂ ಚದುವು, ಈ ಸಲ ನಡುವ್ಯಾಗೆ ಬಿಡಬ್ಯಾಡ.”

ಅಜ್ಜಿ ಇಡೀ ಮನೆಯಲ್ಲಿ ನನ್ನ ಪರವಾಗಿ ಮಾತನಾಡಿದ ಮೊದಲಿಗಳು. ಅವಳ ಕಾಲು ಮುಟ್ಟಿ ನಮಸ್ಕರಿಸಿದಾಗ, ಭಾನುವಾರ ಹೊಸದುರ್ಗದವರು ಬಂದರೆ ಉಡಲಿ ಎಂದು ಒಂದು ಸೀರೆಯನ್ನೂ ಕೊಟ್ಟಳು. ಅದನ್ನೂ ಅದೇ ಫೈಲಿನ ಜೊತೆ ಚೀಲದಲ್ಲಿಟ್ಟುಕೊಂಡೆ. ಮಡಿಕೆಯಲ್ಲಿ ಪೇಪರ್ ಇತ್ತು, ಓದುವ ಧೈರ್ಯವಾಗಲಿಲ್ಲ.

ಶನಿವಾರ ಉಳಿದದ್ದು ಚಿತ್ರದುರ್ಗದ ಒಂದು ಸಣ್ಣ ಕಾಲೇಜು. ವಿಭಾಗ ಎಂದರೆ ಒಂದು ಕೋಣೆ, ಒಬ್ಬರೇ ಮೇಡಂ, ಎರಡು ಉದ್ದನೆಯ ಮೇಜು, ಗೋಡೆಗೆ ಚುಚ್ಚಿದ ಕೈಬರಹದ ಹಾಳೆಗಳು. ಆಫೀಸು ಒಂದೂವರೆಗೆ ಮುಚ್ಚುತ್ತದೆ ಎಂದು ಬಾಗಿಲಲ್ಲೇ ಹೇಳಿದರು. ಮೇಡಂ ಟಿ.ಸಿ. ಓದಿ, ಇದನ್ನು ಬರೆದವರು ಯಾರು, ಹೊಡೆದವರು ಯಾರು ಎಂದು ಕೇಳಿದರು. ಮೂರು ದಿನದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ನಾನು ಗುಮಾಸ್ತರ ಕಥೆ ಹೇಳಿದೆ. ಅವರು ನಗಲೂ ಇಲ್ಲ, ಮರುಗಲೂ ಇಲ್ಲ.

ಅಪ್ಪ ತಮ್ಮ ಕೆಲಸ ಶುರು ಮಾಡಿದ್ದರು. ನಿಮ್ಮ ಮಕ್ಕಳು ಬರೆದದ್ದು ತೋರಿಸಿ ಎಂದರು. ಮೇಡಂ ಗೋಡೆ ತೋರಿಸಿದರು. ಅಪ್ಪ ಮೇಲಿನ ಹಾಳೆ ಎತ್ತಿ, ಅದರ ಅಡಿಯದನ್ನೂ ಎತ್ತಿ, ಮೂರನೆಯದನ್ನು ಓದಿದರು. ಅದು ಹಾಸ್ಟೆಲಿನ ಸಾಂಬಾರಿನ ಬಗ್ಗೆ. ಬೇಳೆ ಯಾರ ಮನೆಗೆ ಹೋಗುತ್ತದೆ ಎಂದು ಹೆಸರು ಸಮೇತ ಬರೆದಿತ್ತು. ಅಪ್ಪ ಅದನ್ನು ಎರಡು ಸಲ ಓದಿ, ಕಾಯಿ ಗಟ್ಟಿ ಇದೆ ಎನ್ನುವಾಗ ಮಾಡುವ ಹಾಗೆ ತಲೆಯಾಡಿಸಿದರು. ನನ್ನ ಎದೆ ಹಗುರಾಯಿತು. ಅಷ್ಟರಲ್ಲಿ ಮೇಡಂ, ಎರಡನೇ ವರ್ಷದಲ್ಲಿ ಒಂದೇ ಜಾಗ ಖಾಲಿ ಇದೆ, ನೀವು ನಮ್ಮದನ್ನು ನೋಡಿದಿರಿ, ಇನ್ನು ನಿಮ್ಮದನ್ನು ನಾವು ನೋಡಬೇಕು ಎಂದರು. ನನ್ನ ಕೈಗೆ ಎರಡು ಬಿಳಿ ಹಾಳೆ ಬಂದವು. ನಿನಗೆ ಚೆನ್ನಾಗಿ ಗೊತ್ತಿರುವ, ಪೇಪರಿನಲ್ಲಿ ಬರದಿರುವ ಒಂದು ಸಂಗತಿ ಬರೆ, ಅರ್ಧ ಗಂಟೆ.

ಇಪ್ಪತ್ತು ವರ್ಷವಾದರೂ ನನಗೆ ಚೆನ್ನಾಗಿ ಗೊತ್ತಿರುವುದು ಏನೂ ಇಲ್ಲ ಎಂಬುದು ವರಾಂಡದ ಬೆಂಚಿನ ಮೇಲೆ ಕೂತಾಗ ತಿಳಿಯಿತು. ದೇಶದ ಬಗ್ಗೆ ಒಂದು ವಾಕ್ಯ ಬರೆದು ಹೊಡೆದುಹಾಕಿದೆ. ನೀರಿನ ಬಗ್ಗೆ ಎರಡು ವಾಕ್ಯ ಬರೆದು ಅದನ್ನೂ ಹೊಡೆದೆ. ಹಾಳೆ ನನ್ನ ಟಿ.ಸಿ.ಯಂತಾಯಿತು. ಪಕ್ಕದಲ್ಲಿ ಅಪ್ಪ ಜೇಬಿನಿಂದ ಶೇಂಗಾ ತೆಗೆದು ಒಡೆಯುತ್ತಿದ್ದರು. ಆ ಸದ್ದು ಕೇಳುತ್ತ ಕೇಳುತ್ತ ನನ್ನ ಕೈ ತಾನಾಗಿ ಬರೆಯತೊಡಗಿತು.

ಬರೆದದ್ದು ಇಷ್ಟು. ಮಂಡಿಯಲ್ಲಿ ಕಾಯಿ ನೋಡುವ ವ್ಯಾಪಾರಿ ಚೀಲಕ್ಕೆ ಒಂದು ಹಿಡಿ ತೆಗೆಯುತ್ತಾನೆ. ಒಂದು ಚೀಲವನ್ನು ಹಲವರು ನೋಡುತ್ತಾರೆ, ಕೊಳ್ಳುವವನು ಒಬ್ಬ. ತೆಗೆದ ಹಿಡಿ ಯಾರೂ ವಾಪಸ್ ಹಾಕುವುದಿಲ್ಲ. ತೂಕ ಆಗುವುದು ಎಲ್ಲರೂ ನೋಡಿ ಮುಗಿದ ಮೇಲೆ. ಚೀಲ ತಂದವನು ಅಲ್ಲೇ ನಿಂತಿರುತ್ತಾನೆ, ಬೇಡ ಎನ್ನುವುದಿಲ್ಲ, ಎಂದರೆ ಕಾಯಿ ಸರಿಯಿಲ್ಲವೇನೋ ಎಂದುಕೊಳ್ಳುತ್ತಾರೆ. ಕಡೆಗೆ ಒಂದು ಸಾಲು ಬರೆದೆ: ನಾನು ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಶೇಂಗಾ ಕೊಂಡಿಲ್ಲ, ಅಡುಗೆಮನೆಯ ಡಬ್ಬ ಯಾವತ್ತೂ ಖಾಲಿಯಾಗಿಲ್ಲ.

ಮೇಡಂ ನಿಂತುಕೊಂಡೇ ಓದಿದರು.

“ಆ ಕಡೆಯವರ ಮಾತು ಎಲ್ಲಿದೆ?”

ಯಾವ ಕಡೆಯವರು ಎಂದೆ. ಹಿಡಿ ತೆಗೆಯುವವರು ಎಂದರು. ಅವರು ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ ಎಂದೆ. ಹಾಗಾದರೆ ಹೋಗಿ ಓದಿ ಹೇಳಿ, ಅವರ ಮಾತು ಬರೆದುಕೊಂಡು ಬಾ, ಅದಿಲ್ಲದೆ ಇದು ಪೂರ್ತಿಯಲ್ಲ ಎಂದು ಹಾಳೆ ವಾಪಸ್ ಕೊಟ್ಟರು. ಗಡಿಯಾರದಲ್ಲಿ ಒಂದು ದಾಟಿತ್ತು. ಸೇರ್ಪಡೆ ಅರ್ಜಿಯಲ್ಲಿ ಪೋಷಕರ ಸಹಿಯ ಜಾಗ ಖಾಲಿ ಇತ್ತು.

ಕೋಣೆಯ ಬಾಗಿಲಿನಿಂದ ಬೆಂಚಿಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯಲ್ಲಿ ನಾನು ಭಾನುವಾರದ ಸೀರೆ ಉಟ್ಟು, ಹೊಸದುರ್ಗದವರಿಗೆ ಉಪ್ಪಿಟ್ಟು ಕೊಟ್ಟು ಆಗಿತ್ತು. ಬೇರೆ ವಿಷಯ ಸಿಗಲಿಲ್ಲವೇ ನಿನಗೆ ಎಂದು ನನ್ನನ್ನೇ ಬೈದುಕೊಂಡೆ. ಅಪ್ಪನನ್ನು ನಾಚಿಸಲು ನನಗೆ ಇಷ್ಟವಿರಲಿಲ್ಲ. ಅವರು ಮೂರು ದಿನ ಮಂಡಿ ಬಿಟ್ಟು ನನ್ನ ಹಿಂದೆ ತಿರುಗಿದವರು. ಆದರೂ ಓದಿದೆ, ಒಂದೇ ಉಸಿರಿನಲ್ಲಿ, ತಲೆ ಎತ್ತದೆ, ಕಡೇ ಸಾಲಿನವರೆಗೆ.

ಅಪ್ಪ ಬಾಯಲ್ಲಿದ್ದದ್ದನ್ನು ನುಂಗಿದರು. ಬೆಂಚಿನ ಮೇಲೆ ಬಿದ್ದಿದ್ದ ಸಿಪ್ಪೆಯನ್ನು ಒಂದೊಂದಾಗಿ ಆರಿಸಿ ಕೈಯಲ್ಲಿ ಹಿಡಿದುಕೊಂಡರು.

“ಇದ್ರಾಗೆ ಒಂದು ತಪ್ಪೈತೆ,” ಅಂದರು. “ಒಂದು ಹಿಡಿ ಅಂತ ಬರ್ದೀಯ. ನಾನು ಎರಡು ಹಿಡಿ ತಗೀತೀನಿ. ಒಂದು ನೋಡಾಕೆ, ಒಂದು ಮನೀಗೆ. ಬರೆಯಾದಾದ್ರೆ ಸರ್ಯಾಗಿ ಬರಿ.”

ನಾನು ‘ಒಂದು’ ಹೊಡೆದು ‘ಎರಡು’ ಬರೆದೆ. ಅವರು ಹೇಳಿದ ಮಾತನ್ನೂ ಕೆಳಗೆ ಸೇರಿಸಿದೆ. ಅಪ್ಪ ಪೆನ್ನಿಗೆ ಕೈ ಚಾಚಿದರು. ಹಾಳೆಯನ್ನೇ ಪೂರ್ತಿ ಹೊಡೆದುಹಾಕುತ್ತಾರೆ ಎಂದುಕೊಂಡೆ. ಅವರು ಅರ್ಜಿ ಎಳೆದುಕೊಂಡು ಸಹಿ ಹಾಕಿದರು. ಮೇಡಂ ಒಳಗೆ ಮತ್ತೊಮ್ಮೆ ಓದಿ, ಹೊಡೆದು ತಿದ್ದಿದ ಜಾಗದ ಪಕ್ಕದಲ್ಲಿ ಒಂದು ಸಣ್ಣ ಗುರುತು ಹಾಕಿ, ಓಡು, ಆಫೀಸು ಮುಚ್ಚುತ್ತದೆ ಎಂದರು. ಓಡಿದೆ. ಗುಮಾಸ್ತರು ಬೀಗ ಕೈಯಲ್ಲಿ ಹಿಡಿದಿದ್ದರು. ನನ್ನ ಟಿ.ಸಿ.ಯ ಜೆರಾಕ್ಸ್ ವಾಪಸ್ ಕೊಡುತ್ತ, ಈಗ ಮದುವೆ ಸರಿಹೋಯಿತಾ ಎಂದು ಕೇಳಿದರು. ಸರಿಹೋಯಿತು ಎಂದೆ.

ಹೊಸದುರ್ಗದ ಹುಡುಗನಿಗೆ ಆಮೇಲೆ ಹಿರಿಯೂರಿನ ಹುಡುಗಿ ಸಿಕ್ಕಳಂತೆ. ನಾನು ದಿನಾ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋಗಿ ಬಂದು ಓದು ಮುಗಿಸಿದೆ, ಈಗ ಮೊಳಕಾಲ್ಮುರು ತಾಲ್ಲೂಕಿನ ವರದಿಗಾರ್ತಿ. ಕುರಿ ಕದ್ದವರು ಸಿಕ್ಕರೋ ಇಲ್ಲವೋ ಎಂಬುದನ್ನು ತಪ್ಪದೆ ಬರೆಯುತ್ತೇನೆ. ಅಪ್ಪ ಹೊಗಳಲು ಯಾವತ್ತೂ ಫೋನ್ ಮಾಡಿಲ್ಲ. ಬಿ.ಜಿ. ಕೆರೆಯ ಸುದ್ದಿಯಲ್ಲಿ ಮೂರು ಬೋರ್‌ವೆಲ್ ಅಂತ ಬರೆದಿದ್ದೀಯ, ನಾಲ್ಕಿವೆ ಎಂದು ಹೇಳಲು ಮಾಡುತ್ತಾರೆ.

ಮನೆಯಲ್ಲಿ ಆದ ಬದಲಾವಣೆ ಒಂದೇ. ನಾನು ಕಾಲೇಜಿಗೆ ಸೇರಿದ ತಿಂಗಳೊಪ್ಪತ್ತಿನಲ್ಲಿ ಶೇಂಗಾ ಡಬ್ಬ ತಳ ಕಂಡಿತು. ಅವ್ವ ಅಪ್ಪನಿಗೆ ಹೇಳಿದಳು, ಅಂಗಡಿಯಿಂದ ತರಿಸು ಎಂದು ಅಪ್ಪ ಹೇಳಿದರು. ಅಂಗಡಿಯವನು ಇವಳು ತಮಾಷೆಗೆ ಕೇಳುತ್ತಿದ್ದಾಳೆ ಎಂದುಕೊಂಡನಂತೆ. ಈಗಲೂ ಅಪ್ಪ ಚೀಲದ ನಡುವೆ ಕೈ ಇಳಿಸುತ್ತಾರೆ, ತೆಗೆಯುತ್ತಾರೆ, ಅಲ್ಲಾಡಿಸುತ್ತಾರೆ, ಮತ್ತೆ ಅದೇ ಚೀಲಕ್ಕೆ ಬಿಡುತ್ತಾರೆ. ಮಂಡಿಯವರು ಮೊದಮೊದಲು ಇವರ ಹಲ್ಲಿಗೆ ಏನೋ ಆಗಿದೆ ಎಂದು ಭಾವಿಸಿದ್ದರು. ಬೇರೆಯವರು ಯಾರೂ ಹಿಡಿ ಒಯ್ಯುವುದು ಬಿಟ್ಟಿಲ್ಲ, ನನ್ನ ಬರಹದಿಂದ ಮಂಡಿ ಬದಲಾಗಿಲ್ಲ. ಅವ್ವ ಮಾತ್ರ ಶೇಂಗಾ ಚಟ್ನಿ ಮಾಡಿದಾಗಲೆಲ್ಲ ನನ್ನ ಓದನ್ನು ನೆನೆಸಿಕೊಳ್ಳುತ್ತಾಳೆ, ಒಳ್ಳೆಯ ಮಾತಿನಲ್ಲಲ್ಲ.

ಫೈಲಿನಲ್ಲಿದ್ದ ನಾಲ್ಕು ಶೇಂಗಾದ ವಿಷಯ ಉಳಿಯಿತು. ಅವತ್ತು ಶನಿವಾರ ಚಿತ್ರದುರ್ಗದಿಂದ ಬರುವಾಗ, ಬಸ್ ಊರು ದಾಟಿದ ಮೇಲೆ, ಅಪ್ಪ ಅಭ್ಯಾಸದಂತೆ ಜೇಬಿಗೆ ಕೈ ಹಾಕಿದರು. ಉಳಿದದ್ದು ನಾಲ್ಕೇ. ಬೆಳಿಗ್ಗೆಯಿಂದ ನಾವಿಬ್ಬರೂ ಊಟ ಮಾಡಿರಲಿಲ್ಲ. ನನ್ನ ಅಂಗೈಯಲ್ಲಿ ನಾಲ್ಕನ್ನೂ ಇಟ್ಟು, ಅವುಗಳನ್ನೇ ನೋಡುತ್ತ ಅಂದರು.

“ಇವು ಯಾರ ಚೀಲದ್ವು ಅಂತ ನಂಗೆ ಗೊತ್ತಿಲ್ಲ. ಅದನ್ನೂ ಬರೀಬೇಕಿತ್ತು ನೀನು.”

ಚಳ್ಳಕೆರೆ ಬರುವವರೆಗೆ ಅಂಗೈಯಲ್ಲೇ ಇಟ್ಟುಕೊಂಡಿದ್ದೆ. ಇಳಿಯುವಾಗ ಫೈಲಿಗೆ ಹಾಕಿದೆ. ಈಗ ಅವುಗಳಿಗೆ ಹುಳ ಬಿದ್ದಿದೆ, ಅಲ್ಲಾಡಿಸಿದರೆ ಒಳಗೆ ಪುಡಿಯ ಸದ್ದು. ಎಸೆಯೋಣ ಎಂದು ಕಸದ ಬುಟ್ಟಿಯವರೆಗೆ ಹೋಗಿ ವಾಪಸ್ ಬಂದೆ. ನಮ್ಮವಾಗಿದ್ದರೆ ಎಸೆಯಬಹುದಿತ್ತು.